ವ್ರತವೂ ರಾಜಶಾಸನವೂ

ಹೋದ ಮಾಗಿಯಲ್ಲಿ ನನ್ನ ಹಳೆಯ ಶಿಷ್ಯೆಯೊಬ್ಬಳು ಅಜ್ಜಂಪುರದ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕುಳಿತಳು. ಆಕೆಯು ಕಥೋಲಿಕ ಕ್ರೈಸ್ತಳು; ಕಾಫಿ ತೋಟದಲ್ಲಿ ಲೆಕ್ಕ ಬರೆಯುತ್ತಿದ್ದವರ ಮಗಳು. ಮದುವೆಯಾದ ಎರಡನೆಯ ವರ್ಷದಲ್ಲಿಯೇ ಗಂಡನು ಬಿಟ್ಟುಹೋದನು. ನ್ಯಾಯಸ್ಥಾನವು ವಿಚ್ಛೇದನವನ್ನು ಕೊಟ್ಟಿರುವುದು. ಇಗರ್ಜಿಯ ನ್ಯಾಯಪೀಠವು ಇನ್ನೂ ಏನನ್ನೂ ಹೇಳಿಲ್ಲ. ಈ ನಡುವೆ ಯೋಗ್ಯನೊಬ್ಬನು ಮದುವೆಯ ಮಾತನ್ನು ಎತ್ತಿರುವನು. “ಮೇಷ್ಟ್ರೇ, ಸರ್ಕಾರದ ಲೆಕ್ಕದಲ್ಲಿ ನಾನು ಬಿಡುಗಡೆಯಾದವಳು, ದೇವರ ಲೆಕ್ಕದಲ್ಲಿ ಇನ್ನೂ ಹೆಂಡತಿ. ಯಾವುದನ್ನು ನಂಬಲಿ?” ಎಂದು ಕೇಳಿದಳು. ಧಾತುರೂಪವನ್ನು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆನು. ಇದಕ್ಕೆ ಕಾಫಿ ಆರಿಹೋಗುವವರೆಗೂ ಉತ್ತರ ತೋರಲಿಲ್ಲ.

ಕ್ರೈಸ್ತರಲ್ಲಿ ಸಂಪ್ರದಾಯನಿಷ್ಠರಾದವರು ಈ ಕಾಲದ ರಾಜ್ಯನೀತಿಯನ್ನೂ ಲೋಕನೀತಿಯನ್ನೂ ಕುರಿತು ಆಡುವ ಮಾತುಗಳನ್ನು ನಮ್ಮಲ್ಲಿ ಅನೇಕರು ಹಳೆಯ ಕಾಲದ ಹಠವೆಂದು ತಳ್ಳಿಬಿಡುವರು. ಅದು ನ್ಯಾಯವಲ್ಲ. ಅವರ ಮಾತಿನ ಸಾರವಿಷ್ಟು: ವಿವಾಹವು ಇಬ್ಬರ ನಡುವಣ ಕರಾರಲ್ಲ, ದೇವರ ಎದುರಿನಲ್ಲಿ ಮಾಡಿದ ಪ್ರತಿಜ್ಞೆ; ಮಾಡಿದವರೇ ಬಿಚ್ಚಲಾರದುದನ್ನು ರಾಜನು ಹೇಗೆ ಬಿಚ್ಚಿಯಾನು? ಆದಕಾರಣ ಕಥೋಲಿಕರ ಧರ್ಮಪೀಠವು ವಿಚ್ಛೇದನವನ್ನು ಕೊಡುವುದೇ ಇಲ್ಲ. ಸಮ್ಮತಿಯು ನಿಜವಾದುದಾಗಿರಲಿಲ್ಲವೆಂದು ಸಿದ್ಧವಾದರೆ, ಆ ವಿವಾಹವು ಮೊದಲಿನಿಂದಲೂ ಆಗಿಯೇ ಇರಲಿಲ್ಲವೆಂದು ಸಾರುವುದು. ಸಂಕಲ್ಪವೇ ಇಲ್ಲದ ಕರ್ಮವು ಕರ್ಮವಲ್ಲವೆಂದು ಒಪ್ಪುವ ನಮಗೆ ಈ ತರ್ಕವು ಅಪರಿಚಿತವಲ್ಲ. ವಿಚಾರಣೆಯು ವರ್ಷಗಟ್ಟಲೆ ಎಳೆಯುವುದೆಂಬ ದೂರಿನ ಮೇಲೆ 2015ರಲ್ಲಿ ಪೋಪ್ ಫ್ರಾನ್ಸಿಸರು ಎರಡನೆಯ ಪೀಠದ ಸಮ್ಮತಿಯೂ ಬೇಕೆಂಬ ನಿಯಮವನ್ನು ತೆಗೆದುಹಾಕಿದರು.

ಆದರೆ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಕ್ರೈಸ್ತರ ಕಾನೂನೆಂದು ಬಹುಕಾಲ ನಡೆದುಬಂದುದು ಕ್ರೈಸ್ತಧರ್ಮದ ಕಾನೂನೇ ಅಲ್ಲ. 1869ರ ವಿಚ್ಛೇದನ ಶಾಸನವು 1857ರ ಇಂಗ್ಲಿಷ್ ಶಾಸನದ ನೆರಳು. ಅದರಂತೆ ಹೆಂಡತಿಯು ವ್ಯಭಿಚಾರಿಣಿಯೆಂದು ತೋರಿಸಿದರೆ ಗಂಡನಿಗೆ ಬಿಡುಗಡೆ. ಹೆಂಡತಿಯಾದರೋ ಗಂಡನ ವ್ಯಭಿಚಾರದೊಡನೆ ಕ್ರೌರ್ಯವನ್ನೋ ಎರಡು ವರ್ಷದ ಪರಿತ್ಯಾಗವನ್ನೋ ಅಂತಹ ಬೇರೊಂದು ದೋಷವನ್ನೋ ಕೂಡಿಸಿ ತೋರಿಸಬೇಕಾಗಿತ್ತು. ಜಿಲ್ಲಾ ನ್ಯಾಯಾಧೀಶನು ಕೊಟ್ಟ ತೀರ್ಪು ಸಹ ಹೈಕೋರ್ಟಿನ ಅನುಮೋದನೆಯಿಲ್ಲದೆ ನಿಲ್ಲುತ್ತಿರಲಿಲ್ಲ. ಪುರುಷನಿಗೊಂದು ಸ್ತ್ರೀಗೊಂದು ಎಂಬ ಈ ತಕ್ಕಡಿಯನ್ನು ಯೇಸುವಿನ ಉಪದೇಶದಲ್ಲಿ ಎಲ್ಲಿ ಹುಡುಕಿದರೂ ಕಾಣೆವು. ಇಂಗ್ಲೆಂಡಿನವರು 1923ರಲ್ಲಿ ಇದನ್ನು ತಿದ್ದಿಕೊಂಡರು. ನಮ್ಮಲ್ಲಿ 1995ರಲ್ಲಿ ಕೇರಳದ ಹೈಕೋರ್ಟು ಇದು ತಾರತಮ್ಯವೆಂದು ಹೇಳಿತು. ಪಾರ್ಲಿಮೆಂಟು ತಿದ್ದಿದುದು 2001ರಲ್ಲಿ. ಅಲ್ಲಿಯವರೆಗೆ ಎಷ್ಟು ಮಂದಿ ಹೆಣ್ಣುಮಕ್ಕಳು ಧರ್ಮದ ಹೆಸರಿನಲ್ಲಿ ಪರದೇಶದ ಹಳೆಯ ಕಾಗದವೊಂದಕ್ಕೆ ಕಟ್ಟುಬಿದ್ದಿದ್ದರೋ!

ಇನ್ನು ನಮ್ಮ ನಾಡಿನದೇ ಒಂದು ವ್ಯಾಜ್ಯ. ದಕ್ಷಿಣ ಕನ್ನಡದ ಕಥೋಲಿಕ ಸಭೆಯ ಹಿಂದಿನ ಅಧ್ಯಕ್ಷರಾದ ಕ್ಲಾರೆನ್ಸ್ ಪಾಯಸರು, ಧರ್ಮಪೀಠವು ಕೊಡುವ ಅಸಿಂಧುತ್ವದ ತೀರ್ಪನ್ನು ಸರ್ಕಾರವೂ ಮನ್ನಿಸಬೇಕೆಂದು ಸುಪ್ರೀಂ ಕೋರ್ಟಿನಲ್ಲಿ ಬೇಡಿಕೊಂಡರು. ಅವರ ಸಂಕಟವು ಸುಳ್ಳಲ್ಲ. ಇಗರ್ಜಿಯ ತೀರ್ಪನ್ನು ನಂಬಿ ಇಗರ್ಜಿಯಲ್ಲಿಯೇ ಮರುಮದುವೆಯಾದವನು, ನ್ಯಾಯಸ್ಥಾನದ ತೀರ್ಪು ಇಲ್ಲದಿದ್ದರೆ, ಶಾಸನದ ಕಣ್ಣಿಗೆ ಎರಡು ಮದುವೆಯಾದ ಅಪರಾಧಿ! ಆದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತನ್ನದೇ ಆದ 1996ರ ತೀರ್ಪನ್ನು ಅನುಸರಿಸಿ, ಈ ಬೇಡಿಕೆಯನ್ನು ತಳ್ಳಿಹಾಕಿತು.

ತಳ್ಳಿದುದು ಸರಿಯೆಂದೇ ನನ್ನ ಅಭಿಪ್ರಾಯ. ಹಾಗೆ ಹೇಳುವಾಗ ನಾನು ಅವರ ವಿರೋಧಿಯೆಂದು ಯಾರೂ ತಿಳಿಯಬಾರದು. ವ್ರತವು ತಾನಾಗಿ ಹಿಡಿದುದಾದರೆ ಮಾತ್ರ ವ್ರತ. ಏಕಾದಶಿಯ ದಿನ ಅಮೀನನು ಬಂದು ಅಡಿಗೆಮನೆಗೆ ಬೀಗ ಹಾಕಿದರೆ ಒಳಗಿರುವವನು ಉಪವಾಸಿಯೇನೋ ಆಗುವನು, ವ್ರತಿಯಾಗುವನೇ? ಧರ್ಮಪೀಠದ ಮಾತಿಗೆ ಸರ್ಕಾರದ ಮೊಹರು ಬಿದ್ದೊಡನೆ ಅದನ್ನು ಸರಿಯೆಂದೂ ತಪ್ಪೆಂದೂ ಹೇಳುವ ಅಧಿಕಾರವು ಸರ್ಕಾರಕ್ಕೆ ಬರುವುದು. ಪ್ರತಿಜ್ಞೆಯ ಪಾವಿತ್ರ್ಯವನ್ನು ಕಾಪಾಡಬೇಕೆನ್ನುವ ನಿಷ್ಠಾವಂತರೇ ಇದಕ್ಕೆ ಮೊದಲು ಅಂಜಬೇಕಾಗಿತ್ತು.

ಪರರ ಮನೆಯ ಮಾತನ್ನು ಆಡುವವನು ತನ್ನ ಮನೆಯನ್ನು ಮುಚ್ಚಿಡಬಾರದು. ಪಾಠಶಾಲೆಯಲ್ಲಿ ನನಗೆ ಕೌಮುದಿಯನ್ನು ಹೇಳಿಕೊಟ್ಟ ವೃದ್ಧ ಪಂಡಿತರೊಬ್ಬರು 1955ರ ಹಿಂದೂ ವಿವಾಹ ಶಾಸನವನ್ನು ನೆನೆದಾಗಲೆಲ್ಲ, ಸಪ್ತಪದಿಯನ್ನು ತುಳಿದ ಮೇಲೆ ಹಿಂದಕ್ಕೆ ಏಳು ಹೆಜ್ಜೆಯಿಲ್ಲವೆಂದು ಗುಡುಗುತ್ತಿದ್ದರು. ಧರ್ಮವಿವಾಹಗಳಿಗೆ ಮೋಕ್ಷವಿಲ್ಲವೆಂದು ಕೌಟಿಲ್ಯನು ಹೇಳಿರುವುದನ್ನು ಎತ್ತಿ ತೋರಿಸುತ್ತಿದ್ದರು. ಅದೇ ಪ್ರಕರಣದಲ್ಲಿ, ಪರಸ್ಪರ ದ್ವೇಷವುಂಟಾದಾಗ ಬಿಡುಗಡೆಯುಂಟೆಂದೂ ಅವನೇ ಹೇಳಿರುವುದನ್ನು ತೋರಿಸುತ್ತಿರಲಿಲ್ಲ. ಅದು ಬೇರೆ ಬಗೆಯ ವಿವಾಹಗಳ ಮಾತು ನಿಜ. ಆದರೂ ಗಂಟೆಲ್ಲವನ್ನೂ ದೇವರೇ ಹಾಕಿದನೆಂದು ಪ್ರಾಚೀನರು ನಂಬಿರಲಿಲ್ಲವೆಂಬುದಕ್ಕೆ ಇದು ಸಾಕು. ಆ ಪಂಡಿತರ ಮನೆಯಲ್ಲಿಯೇ ಗಂಡ ಬಿಟ್ಟ ತಂಗಿಯೊಬ್ಬಳಿದ್ದಳು. ನಾವು ಹಜಾರದಲ್ಲಿ ಸೂತ್ರ ಒಪ್ಪಿಸುತ್ತಿರುವಾಗ ಹಿತ್ತಲಲ್ಲಿ ಆಕೆಯು ನೀರು ಸೇದುವ ರಾಟೆಯ ಸದ್ದು ಕೇಳುತ್ತಿತ್ತು. ಆಗ ನನಗೆ ಹದಿನಾರು ವರ್ಷ. ಆಕೆಯ ಹೆಸರನ್ನು ಒಂದು ದಿನವೂ ಕೇಳಲಿಲ್ಲ.

ಶಿಷ್ಯೆಗೆ ಇದೆಲ್ಲವನ್ನೂ ಹೇಳಲಿಲ್ಲ, ಹಿತ್ತಲ ರಾಟೆಯ ಸಂಗತಿಯನ್ನು ಮಾತ್ರ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೋರ್ಟು ಕೊಟ್ಟದ್ದು ನನ್ನನ್ನು ಕಾಪಾಡಿತು, ಮೇಷ್ಟ್ರೇ. ಅದಿಲ್ಲದಿದ್ದರೆ ಅವನು ಯಾವಾಗ ಬೇಕಾದರೂ ಬಂದು ಬಾಗಿಲು ಬಡಿಯಬಹುದಾಗಿತ್ತು. ಆದರೆ ಆ ದಿನ ದೇವಪೀಠದ ಎದುರು ಮಾತು ಕೊಟ್ಟವಳು ನಾನು, ಕೋರ್ಟಿಗೆ ಕೊಡಲಿಲ್ಲ. ಅದಕ್ಕೇ ಕಾಯುತ್ತಿದ್ದೇನೆ. ಅಪ್ಪ ಹೇಳಿದರೆಂದಲ್ಲ” ಎಂದಳು. ಆ ವರನೂ ಕಾಯುವನೇ ಎಂದು ಕೇಳಿದೆನು. “ಈಸ್ಟರಿನವರೆಗೆ ಕಾಯುತ್ತೇನೆ ಎಂದಿದ್ದಾರೆ” ಎಂದು ನಕ್ಕಳು.

ಕಾಗದಗಳ ಕಟ್ಟನ್ನು ಎದೆಗವಚಿಕೊಂಡು ಅವಳು ಬೀರೂರಿನ ಬಸ್ಸು ಹತ್ತಿದಳು. ಈಸ್ಟರು ಕಳೆದು ಎರಡು ತಿಂಗಳಾಯಿತು. ನಾನು ವಿಚಾರಿಸಿ ಕಾಗದ ಬರೆದಿರುವೆನು. ಉತ್ತರವು ಇನ್ನೂ ಬಂದಿಲ್ಲ.