ಹೊಸ್ತಿಲ ಮೇಲಿನ ಹೆಜ್ಜೆಗಳು

ಶಾಮನೂರು ಈಗ ದಾವಣಗೆರೆ ನಗರದೊಳಗೆ ಸೇರಿಹೋಗಿದ್ದಾಗ್ಯೂ, ಹಬ್ಬದ ದಿನ ಅದರ ಹಳೆಯ ಬೀದಿಗಳಲ್ಲಿ ಕಾಲಿಟ್ಟವನಿಗೆ ಊರು ಇನ್ನೂ ಊರಾಗಿಯೇ ಉಳಿದಿರುವುದು ತಿಳಿದುಬರುತ್ತದೆ. ಒಂದು ದೀಪಾವಳಿಯ ಅಮಾವಾಸ್ಯೆಯ ಅಪರಾಹ್ನ ಅಲ್ಲಿಯ ಬಂಧುಗಳೊಬ್ಬರ ಪಡಸಾಲೆಯಲ್ಲಿ ನಾನು ಕುಳಿತಿದ್ದಾಗ, ಶಾಲೆಗೆ ರಜೆಯಾಗಿ ಒಂದೆಡೆ ಕೂರಲಾರದೆ ಸುತ್ತುತ್ತಲಿದ್ದ ಆರು ವರ್ಷದ ಮೊಮ್ಮಗಳ ಕೈಗೆ ಅಜ್ಜಿಯು ನೀರಿನಲ್ಲಿ ಕಲಸಿದ ಅಕ್ಕಿಹಿಟ್ಟಿನ ಬಟ್ಟಲನ್ನು ಕೊಟ್ಟು, ಸಂಜೆಯ ಪೂಜೆಗೆ ಮೊದಲು ತಲೆಬಾಗಿಲಿನಿಂದ ದೇವರ ಕೋಣೆಯವರೆಗೆ ಲಕ್ಷ್ಮಿಯ ಹೆಜ್ಜೆಗಳನ್ನು ಬರೆಯುವ ಕೆಲಸವನ್ನು ಒಪ್ಪಿಸಿದರು.

ಎಳೆಯ ಮಕ್ಕಳಿಗೆ ಕಲಿಸಬಹುದಾದ ಚಿತ್ರಗಳಲ್ಲಿ ಇದಕ್ಕಿಂತ ಸುಲಭವಾದುದನ್ನು ನಾನು ಕಂಡಿಲ್ಲ. ಮುಷ್ಟಿ ಬಿಗಿದು, ಕಿರುಬೆರಳ ಪಕ್ಕದ ಅಂಚನ್ನು ಹಿಟ್ಟಿನಲ್ಲಿ ಅದ್ದಿ ನೆಲಕ್ಕೆ ಒತ್ತಿದರೆ, ನಡುವೆ ತುಸು ಬಾಗಿದ ಅಂಗಾಲು ಮೂಡುತ್ತದೆ. ಎಡಗೈ ಒಂದು ಪಾದವನ್ನು ಕೊಟ್ಟರೆ ಬಲಗೈ ಅದರ ಜೊತೆಯದನ್ನು ಕೊಡುತ್ತದೆ. ಬಳಿಕ ಬೆರಳ ತುದಿಯಿಂದ ಐದು ಚುಕ್ಕಿಗಳನ್ನು, ಹೆಬ್ಬೆರಳಿಗೆ ದೊಡ್ಡದಾಗಿಯೂ ಕಿರುಬೆರಳಿಗೆ ತೀರ ಚಿಕ್ಕದಾಗಿಯೂ ಇಟ್ಟರೆ ಹೆಜ್ಜೆ ಮುಗಿಯಿತು. ಗೋಕುಲಾಷ್ಟಮಿಯಂದು ಕೃಷ್ಣನೂ ಹೀಗೆಯೇ ಮನೆಗಳಿಗೆ ಬರುತ್ತಾನೆ. ದೇವರ ಪಾದದ ಅಳತೆ ಮಗುವಿನ ಮುಷ್ಟಿಯ ಅಳತೆಯೇ ಆಗಿರತಕ್ಕ ಈ ಏರ್ಪಾಡನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆರ್ದ್ರವಾಗುತ್ತದೆ.

ಹುಡುಗಿಯು ಹೊಸ್ತಿಲ ಬಳಿ ಬೀದಿಗೆ ಮುಖಮಾಡಿ ಕುಳಿತು, ಹಸಿ ಹಿಟ್ಟನ್ನು ತುಳಿಯದಂತೆ ಹಿಂದುಹಿಂದಕ್ಕೆ ಸರಿಯುತ್ತ ಬರೆದಳು. ತನ್ನ ಕಾಲ್ಬೆರಳುಗಳು ಎತ್ತ ನೋಡುತ್ತಿದ್ದವೋ ಅತ್ತಲೇ ದೇವಿಯ ಬೆರಳುಗಳನ್ನೂ ಇಟ್ಟಳು. ಅಜ್ಜಿ ಬಂದು ನೋಡುವಷ್ಟರಲ್ಲಿ ಹನ್ನೆರಡು ಹೆಜ್ಜೆಗಳು ದೇವರ ಕೋಣೆಗೆ ಬೆನ್ನುಮಾಡಿ ಬೀದಿಯತ್ತ ಸಾಲಾಗಿ ನಡೆದಿದ್ದವು.

"ಅಯ್ಯೋ ಮಗಾ, ಲಕ್ಷ್ಮಿನ್ನ ಹೊರಗ ಕಳಿಸಿಬಿಟ್ಟೆಲ್ಲ!"

"ಬಂದಾಕಿ ಪಕ್ಕದ ಮನಿಗೂ ಹೋಗಬೇಕಲ್ಲಜ್ಜಿ?"

ಅಜ್ಜಿಯ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೆಯೇ ನಿಂತಿತು, ನಾನೂ ಮಾತಿಲ್ಲದವನಾದೆ.

ದೇವರನ್ನು ಕರೆಯುವುದೆಂದರೆ ಇರಿಸಿಕೊಳ್ಳುವುದೆ? ಮಗುವು ತಿಳಿಯದೆ ಎತ್ತಿದ ಪ್ರಶ್ನೆ ಇದು. ನಮ್ಮ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರು ಸ್ಥಾವರ, ಜಂಗಮ ಎಂಬೆರಡು ಮಾತುಗಳ ನಡುವೆ ಇದನ್ನೇ ತೂಗಿ ನೋಡಿ, ನಿಂತುದಕ್ಕಿಂತ ಚಲಿಸುವುದರಲ್ಲಿ ಶಿವನನ್ನು ಹೆಚ್ಚಾಗಿ ಕಂಡವರು. ಆ ಮನೆಯೂ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವ, ಬಂದ ಜಂಗಮರ ಪಾದ ತೊಳೆದು ಉಣಬಡಿಸಿ ಬೀಳ್ಕೊಡುವ ಮನೆ. ಜಂಗಮನು ಹೊರಟುಹೋದನೆಂದು ಅಲ್ಲಿ ಯಾರೂ ಮರುಗುವುದಿಲ್ಲ. ಹೋಗುವುದು ಅವನ ಧರ್ಮ, ಮತ್ತೊಂದು ಮನೆಯ ಭಾಗ್ಯ. ಆದರೆ ಸಂಪತ್ತಿನ ಅಧಿದೇವತೆಯ ವಿಷಯ ಬಂದಾಗ ಮಾತ್ರ ನಾವೆಲ್ಲರೂ ಒಳಬರುವ ಹೆಜ್ಜೆಗಳನ್ನೇ ಬರೆಯುತ್ತೇವೆ. ಶತಮಾನಗಳಿಂದ ಬರೆಯುತ್ತಿದ್ದರೂ ಇದು ನನಗೆ ಹೊಳೆದಿರಲಿಲ್ಲ.

ಮಗುವಿನದು ತಪ್ಪೆನ್ನುವ ಮೊದಲು ಹದಿನಾಲ್ಕು ಕಿಲೋಮೀಟರಿನಷ್ಟು ದೂರದಲ್ಲಿ ತುಂಗಭದ್ರೆಯ ದಡದ ಮೇಲಿರುವ ಹರಿಹರೇಶ್ವರನನ್ನು ನೆನೆಯಬೇಕು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ದೇವರ ಬಲಭಾಗ ಶಿವ, ಎಡಭಾಗ ವಿಷ್ಣು. ಇಂದು ಕೈಮುಗಿಯುವ ನಮಗೆ ಅದು ಸಹಜವಾಗಿ ಕಾಣುವುದಾದರೂ, ಎರಡು ಮೂರ್ತಿಗಳನ್ನು ಬೇರೆಬೇರೆಯಾಗಿಯೇ ಕಂಡಿದ್ದ ಕಾಲದಲ್ಲಿ ಯಾವನೋ ಒಬ್ಬ ರೂವಾರಿಯು, ಹೀಗೂ ಆಗಬಹುದೆಂದು ಮೊದಲ ಗೆರೆಯನ್ನೆಳೆದಿರಲೇಬೇಕು. ಅವನ ಹಿರಿಯರು ಬಟ್ಟೆ ಹಿಡಿದು ಅಳಿಸಲು ಬಂದಿದ್ದರೆ?

ಆದುದರಿಂದಲೇ ರಜೆಯ ದಿನಗಳಲ್ಲಿ ಮಕ್ಕಳಿಗೆ ಗೆರೆ ಮೊದಲೇ ಅಚ್ಚಾಗಿರುವ ಬಣ್ಣ ತುಂಬುವ ಪುಸ್ತಕಗಳನ್ನೂ, ಪುಡಿ ಸುರಿದರೆ ತಾನೇ ಹೂವಾಗುವ ರಂಗೋಲಿಯ ಜಾಲರಿ ತಟ್ಟೆಗಳನ್ನೂ ಕೊಟ್ಟು ಕೂರಿಸುವುದು ನನಗೆ ಸಮ್ಮತವಲ್ಲ. ಗೆರೆಯಾಚೆ ಬಣ್ಣ ಹೋಗದಂತೆ ನೋಡಿಕೊಳ್ಳುವುದನ್ನು ಕೈ ಅದರಿಂದ ಕಲಿಯಬಹುದು, ಆದರೆ ದೇವರು ಎತ್ತ ನಡೆಯಬೇಕೆಂಬುದನ್ನು ಬೇರೊಬ್ಬರು ನಿರ್ಧರಿಸಿಬಿಟ್ಟಿರುತ್ತಾರೆ. ಒಂದು ಬಟ್ಟಲು ಹಿಟ್ಟು, ಸಾರಿಸಿದ ನೆಲ, ನಾಳೆ ಗುಡಿಸಿದರೆ ಹೋಗುವುದೆಂಬ ನಿರ್ಭಯ, ಇವಿಷ್ಟಿದ್ದರೆ ಮಗು ತಾನು ಕಂಡುದನ್ನು ಬರೆಯುತ್ತದೆ. ಕೆಲವೊಮ್ಮೆ ನಾವು ಕಾಣದುದನ್ನೂ ಬರೆಯುತ್ತದೆ.

ಅಜ್ಜಿ ಕೊನೆಗೂ ಆ ಹೆಜ್ಜೆಗಳನ್ನು ಒರೆಸಲಿಲ್ಲ. ಮಂಡಿಯೂರಿ ಕುಳಿತು, ಮುದಿಗೈಯ ಮುಷ್ಟಿಯನ್ನು ಬಟ್ಟಲಲ್ಲಿ ಅದ್ದಿ, ಪಕ್ಕದಲ್ಲಿಯೇ ಒಳಬರುವ ಇನ್ನೊಂದು ಸಾಲನ್ನು ಬರೆಯತೊಡಗಿದರು. ಅವರ ಪಾದಗಳು ಮೊಮ್ಮಗಳ ಪಾದಗಳ ಎರಡರಷ್ಟಿದ್ದವು. ದೀಪ ಹಚ್ಚುವ ಹೊತ್ತಿಗೆ ಹಿಟ್ಟು ಒಣಗಿ ಬೆಳ್ಳಗಾಗಿತ್ತು. ಹುಡುಗಿಯು ಉಳಿದ ಹಿಟ್ಟನ್ನು ಎತ್ತಿಕೊಂಡು, ತನ್ನ ಸಾಲನ್ನು ಅಂಗಳ ದಾಟಿಸಿ ಪಕ್ಕದ ಮನೆಯ ಕಟ್ಟೆಯತ್ತ ಬರೆಯುತ್ತ ಹೊರಟಿದ್ದಳು.