ದೂರವೂ ದಯೆಯೂ

ಎದುರು ನಿಂತು ಒಬ್ಬನನ್ನು ಕೊಂದವನನ್ನು ಕೊಲೆಗಡುಕನೆನ್ನುತ್ತೇವೆ. ಆಕಾಶದಲ್ಲಿದ್ದು ಊರಿಗೆ ಊರನ್ನೇ ಸುಟ್ಟವನನ್ನು ಸೇನಾನಿಯೆನ್ನುತ್ತೇವೆ. ಈ ಭೇದಕ್ಕೆ ಆಧಾರವೇನು? ಬೀದರಿನಲ್ಲಿ ವಾಸಿಸುವವರಿಗೆ ಈ ಪ್ರಶ್ನೆ ಪರಕೀಯವಲ್ಲ. ಇಲ್ಲಿಯ ವಾಯುನೆಲೆಯಲ್ಲಿ ಎಳೆಯ ವೈಮಾನಿಕರು ಹಾಕ್ ವಿಮಾನಗಳಲ್ಲಿ ಯುದ್ಧವಿದ್ಯೆ ಕಲಿಯುತ್ತಾರೆ. ಆ ಸದ್ದು ಹಾದುಹೋಗುವವರೆಗೆ ತರಗತಿಯಲ್ಲಿ ನಾನು ಮಾತು ನಿಲ್ಲಿಸುವುದುಂಟು. ವಿದ್ಯಾರ್ಥಿಗಳು ಕಿಟಕಿಯ ಕಡೆ ತಿರುಗುವುದೂ ಇಲ್ಲ. ಔರಾದ, ಭಾಲ್ಕಿಯ ಕಡೆ ತೊಗರಿಯ ಹೊಲದಲ್ಲಿ ಕಳೆ ತೆಗೆಯುವವರೂ ತಲೆ ಎತ್ತರು. ಅಷ್ಟು ರೂಢಿಯಾಗಿದೆ. ರೂಢಿಯಾದದ್ದನ್ನೇ ಒಮ್ಮೆ ನಿಂತು ವಿಚಾರಿಸಬೇಕು.

ಆ ವಿದ್ಯೆಯ ಕೊನೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅಮೆರಿಕದ ಕರ್ಟಿಸ್ ಲೆಮೇ ಎಂಬಾತನ ಜೀವನವೇ ಸಾಕ್ಷಿ. 1906ರಲ್ಲಿ ಬಡ ಮನೆಯಲ್ಲಿ ಹುಟ್ಟಿದವನು, ಹೇಡಿಯಲ್ಲ. 1943ರ ಆಗಸ್ಟಿನಲ್ಲಿ ಜರ್ಮನಿಯ ರೇಗನ್ಸ್‌ಬರ್ಗ್ ಮೇಲೆ ನಡೆದ ದಾಳಿಯಲ್ಲಿ ತನ್ನ ಪಡೆಯ ಮುಂದೆ ತಾನೇ ಹಾರಿದವನು. 1944ರಲ್ಲಿ ನಮ್ಮ ದೇಶಕ್ಕೂ ಬಂದ. ಬಂಗಾಳದ ಖರಗ್‌ಪುರ ಅವನ ಬಾಂಬರ್ ಪಡೆಯ ಕೇಂದ್ರವಾಗಿತ್ತು. ಆ ಡಿಸೆಂಬರಿನಲ್ಲಿ ಚೀನದ ಹ್ಯಾಂಕೌ ನಗರದ ಮೇಲೆ ಅವನ ವಿಮಾನಗಳು ಬೆಂಕಿಬಾಂಬು ಸುರಿದವು. ಮುಂದಿನದಕ್ಕೆ ಅದು ಪೀಠಿಕೆ. 1945ರ ಮಾರ್ಚ್ 9ರ ರಾತ್ರಿ ಅವನ ಆಜ್ಞೆಯಂತೆ ಸುಮಾರು 280 ವಿಮಾನಗಳು ಟೋಕಿಯೋದ ಮರದ ಮನೆಗಳ ಮೇಲೆ ಬೆಂಕಿ ಸುರಿಸಿದವು. ಬೆಳಗಾಗುವುದರೊಳಗೆ ಸುಮಾರು 40 ಚದರ ಕಿಲೋಮೀಟರ್ ಬೂದಿಯಾಯಿತು. ಸತ್ತವರು ಲಕ್ಷದಷ್ಟೆಂದು ಅಂದಾಜು. ಲೆಮೇ ಏರುತ್ತಲೇ ಹೋದ. 1961ರಿಂದ 1965ರವರೆಗೆ ಅಮೆರಿಕದ ವಾಯುಪಡೆಗೆ ಮುಖ್ಯಸ್ಥನಾಗಿದ್ದ. 1964ರಲ್ಲಿ ಸಾಕ್ಷಾತ್ ಜಪಾನ್ ಸರ್ಕಾರವೇ, ತನ್ನ ಹೊಸ ವಾಯುಪಡೆಯನ್ನು ಕಟ್ಟಲು ನೆರವಾದನೆಂದು, ಅವನಿಗೆ ಪದಕ ತೊಡಿಸಿತು.

ಅವನ ವಾದವನ್ನೂ ಕೇಳಬೇಕು. ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲ. ಟೋಕಿಯೋದ ಮನೆಮನೆಯಲ್ಲೂ ಯುದ್ಧಸಾಮಗ್ರಿಯ ಬಿಡಿಭಾಗಗಳು ತಯಾರಾಗುತ್ತಿದ್ದವು, ಯುದ್ಧ ಬೇಗ ಮುಗಿದಷ್ಟೂ ಸಾಯುವವರು ಕಡಿಮೆ ಎಂಬುದು ಅವನ ಲೆಕ್ಕ. ಆದರೂ, ನಾವು ಸೋತಿದ್ದರೆ ನಮ್ಮನ್ನು ಯುದ್ಧಾಪರಾಧಿಗಳೆಂದು ವಿಚಾರಣೆಗೆ ನಿಲ್ಲಿಸುತ್ತಿದ್ದರೆಂದು ಆತನೇ ಹೇಳಿದ್ದನಂತೆ. ಅವನ ಕೈಕೆಳಗೆ ಕೆಲಸ ಮಾಡಿ ಮುಂದೆ ರಕ್ಷಣಾ ಮಂತ್ರಿಯಾದ ಮ್ಯಾಕ್‌ನಮಾರ ಈ ಮಾತನ್ನು ನೆನೆದಿದ್ದಾರೆ. ಹಾಗಾದರೆ ಪಾಪಪುಣ್ಯಗಳ ನಡುವಣ ಗೆರೆ ಗೆಲುವು ಸೋಲುಗಳ ಗೆರೆಯೇ?

ಇಂಥ ಸಂದರ್ಭದಲ್ಲಿ ವಿಚಾರವಂತರು ಸಾಮಾನ್ಯವಾಗಿ ಒಂದು ಉತ್ತರ ಕೊಡುತ್ತಾರೆ: ಎಲ್ಲಕ್ಕೂ ದೂರವೇ ಕಾರಣ, ಸಾಯುವವನ ಮುಖ ಕಂಡಿದ್ದರೆ ಕೈ ಏಳುತ್ತಿರಲಿಲ್ಲ. ಕೇಳಲು ಹಿತವಾದ ಮಾತು. ಆದರೆ ನಮ್ಮ ಜಿಲ್ಲೆಯ ಚರಿತ್ರೆ ಅದನ್ನು ಒಪ್ಪುವುದಿಲ್ಲ. 1948ರ ಸೆಪ್ಟೆಂಬರಿನಲ್ಲಿ ಬೀದರಿನ ವಿಮಾನನಿಲ್ದಾಣದ ಮೇಲೆ ಭಾರತದ ಟೆಂಪೆಸ್ಟ್ ವಿಮಾನಗಳು ಬಾಂಬು ಹಾಕಿದವು. ಸಿಡ್ನಿ ಕಾಟನ್ ಎಂಬವನು ನಿಜಾಮರಿಗೆ ಕದ್ದು ಶಸ್ತ್ರ ತಂದಿಳಿಸುತ್ತಿದ್ದ ನೆಲೆಗಳಲ್ಲಿ ಅದೂ ಒಂದು. ಆದರೆ ಆ ವರ್ಷ ಈ ಜಿಲ್ಲೆಯ ಜನ ಸತ್ತದ್ದು ಬಹುಮಟ್ಟಿಗೆ ಆಕಾಶದಿಂದ ಬಿದ್ದ ಬಾಂಬಿನಿಂದಲ್ಲ. ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹಿಂದೂಗಳನ್ನು ಕೊಂದದ್ದು ಎದುರುಬದುರು ನಿಂತು. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಹಳ್ಳಿಹಳ್ಳಿಗಳಲ್ಲಿ ಮುಸಲ್ಮಾನರನ್ನು ಕೊಂದದ್ದೂ ಎದುರುಬದುರು ನಿಂತೇ. ನೆಹರೂ ಅವರು ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂಬುದು ಅದರ ಅಂದಾಜು. ಆ ವರದಿ ಹಲವು ದಶಕ ಬೆಳಕು ಕಾಣಲಿಲ್ಲ. ಕೊಂದವರಿಗೆ ಸತ್ತವರ ಮುಖ ಮಾತ್ರವಲ್ಲ, ಅನೇಕ ಕಡೆ ಹೆಸರೂ ಗೊತ್ತಿತ್ತು. ಕಂಡದ್ದರಿಂದ ಕೈ ತಡೆಯಲಿಲ್ಲ.

ಮಹಾಭಾರತದ ಕವಿಗೆ ಇದು ಗೊತ್ತಿದ್ದಂತಿದೆ. ಅಶ್ವತ್ಥಾಮ ಪಾಂಡವರ ಶಿಬಿರಕ್ಕೆ ನುಗ್ಗಿ, ಮಲಗಿದ್ದ ಮಕ್ಕಳನ್ನು ಕೈಯಳತೆಯಲ್ಲೇ ಕೊಂದ. ಅವನಿಗೂ ಕಾರಣವಿತ್ತು, ತಂದೆಯನ್ನು ಮೋಸದಿಂದ ಕೊಂದರೆಂಬ ಅವನ ದುಃಖ ಸುಳ್ಳಲ್ಲ. ಆದರೂ ಕಾವ್ಯ ಅವನನ್ನು ಬಿಡಲಿಲ್ಲ. ಟೋಕಿಯೋದಲ್ಲಿ ಸತ್ತವರೂ ಮಲಗಿದ್ದವರೇ. ಅಶ್ವತ್ಥಾಮನ ತಲೆಯ ಮಣಿಯನ್ನು ಕಾವ್ಯ ಕಿತ್ತುಕೊಂಡಿತು. ಲೆಮೇಯ ಎದೆಗೆ ಇತಿಹಾಸ ಪದಕ ತೊಡಿಸಿತು.

ಹಾಗೆಂದು ಬಾಂಬರ್ ನಡೆಸಿದವರೆಲ್ಲ ಒಂದೇ ಎನ್ನಲಾಗದು. ನಮ್ಮವರೇ ಆದ ಪ್ರತಾಪಚಂದ್ರ ಲಾಲರು ಅದೇ 1944ರಲ್ಲಿ ಬರ್ಮಾ ರಣರಂಗದಲ್ಲಿ ವೆಂಜೆನ್ಸ್ ಬಾಂಬರುಗಳ ದಳವನ್ನು ನಡೆಸಿದರು. 1966ರಿಂದ 1969ರವರೆಗೆ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಗಳ ಹೊಣೆ ಹೊತ್ತು, ಬಳಿಕ ವಾಯುಪಡೆಯ ಮುಖ್ಯಸ್ಥರಾದರು. 1971ರ ಡಿಸೆಂಬರ್ 14ರಂದು ಢಾಕಾದಲ್ಲಿ ಅವರ ಪಡೆ ಗುರಿಯಿಟ್ಟದ್ದು ರಾಜ್ಯಪಾಲರ ಭವನಕ್ಕೆ. ರಾಜ್ಯಪಾಲರು ಅಂದೇ ರಾಜೀನಾಮೆಯಿತ್ತರು. ಲಾಲರ ಬಳಿ ಲೆಮೇಗಿದ್ದಷ್ಟು ವಿಮಾನಗಳಿದ್ದರೆ? ಎಂದು ಕೇಳಬಹುದು. ಬಡವನ ಉಪವಾಸವನ್ನು ವ್ರತವೆನ್ನಬಾರದು, ನಿಜ. ಯಾವ ಯುದ್ಧವೂ ನಿರಪರಾಧಿಗಳ ರಕ್ತವಿಲ್ಲದೆ ಮುಗಿದಿಲ್ಲವೆಂಬುದೂ ನಿಜ. ಆದರೆ ಕಟ್ಟಡವನ್ನು ಗುರಿಯೆನ್ನುವುದಕ್ಕೂ ಊರನ್ನೇ ಗುರಿಯೆನ್ನುವುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ಮನುಷ್ಯ ಸತ್ತರೆ ಅದು ಲೆಕ್ಕ ತಪ್ಪಿದ್ದು. ಎರಡನೆಯದರಲ್ಲಿ ಅವನು ಸಾಯುವುದೇ ಲೆಕ್ಕ.

ನನಗೆ ತೋರುವಂತೆ ಪಾಪ ಇರುವುದು ಎತ್ತರದಲ್ಲಲ್ಲ, ಆ ಲೆಕ್ಕದಲ್ಲಿ. ಸುಟ್ಟ ಚದರ ಮೈಲಿಗಳನ್ನು ಎಣಿಸಿದ ಸೇನಾನಿಯೂ, ನೆರೆಮನೆಯವನನ್ನು ಅವನ ಜಾತಿಯಿಂದಷ್ಟೇ ಗುರುತಿಸಿ ಕೊಂದ ಹಳ್ಳಿಗನೂ ಮಾಡಿದ್ದು ಒಂದೇ ಕೆಲಸ: ಇಂಥ ತಾಯಿ, ಇಂಥ ಮಗು ಎಂಬುದನ್ನು ಅಳಿಸಿ ‘ಅವರು’ ಎಂದು ಬರೆದುಕೊಂಡದ್ದು. ಆ ಅಕ್ಷರಾಭ್ಯಾಸ ವಾಯುನೆಲೆಯಲ್ಲಿ ಆಗುವುದಿಲ್ಲ. ಆಗುವುದು ಮನೆಯಲ್ಲಿ, ಶಾಲೆಯಲ್ಲಿ, ಬೆಳಗಿನ ಪತ್ರಿಕೆಯ ಸುತ್ತ ನಡೆಯುವ ಹರಟೆಯಲ್ಲಿ. ‘ಅವರ ಊರನ್ನೇ ಸುಟ್ಟುಬಿಡಬೇಕು’ ಎಂದು ಕಾಫಿಯ ಲೋಟ ಹಿಡಿದು ಹೇಳುವ ಸಂಭಾವಿತರನ್ನು ನಾವೆಲ್ಲ ಬಲ್ಲೆವು. ವೈಮಾನಿಕ ತನ್ನಷ್ಟಕ್ಕೆ ತಾನು ಹಾರಿಹೋಗುವವನಲ್ಲ. ಆಜ್ಞೆಯ ಮೇಲೆ ಹೋಗುವವನು. ಆ ಆಜ್ಞೆಗೆ ಧೈರ್ಯ ಕೊಡುವುದು ಇಂಥ ಮಾತು. ಅದನ್ನು ಕೇಳಿ ನಾವು ಸುಮ್ಮನೆ ತಲೆಯಾಡಿಸಿದರೆ ಆ ಲೆಕ್ಕದಲ್ಲಿ ನಮ್ಮ ಪಾಲೂ ಸೇರುತ್ತದೆ.