ಲಿಂಗೈಕ್ಯರಾದ ಹಿರಿಯರ ಸ್ಮರಣೆ

ಮನೆಯ ಹಿರಿಯರು ಲಿಂಗೈಕ್ಯರಾದಾಗ ಭಕ್ತನು ಕಣ್ಣೀರಿಡಬಹುದೆ? ಲಿಂಗದೊಳಗೆ ಬೆರೆತವರಿಗಾಗಿ ದುಃಖಿಸುವುದು ಅಜ್ಞಾನವಲ್ಲವೆ? ಈ ಸಂದೇಹವು ಅನೇಕ ಸದ್ಗೃಹಸ್ಥರ ಮನಸ್ಸಿನಲ್ಲಿ ಸುಳಿದು, ಹೊರಗೆ ಆಡಲಾರದೆ ಒಳಗೇ ಉಳಿದುಬಿಡುತ್ತದೆ.

ಶರಣರು ಮರಣಸೂತಕವನ್ನು ಒಪ್ಪಲಿಲ್ಲ. ಅಗಲಿದವರನ್ನು ಪ್ರೇತವೆಂದು ಎಣಿಸಲಿಲ್ಲ. ಹಣೆಯಲ್ಲಿ ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ಸಮಾಧಿಯಲ್ಲಿ ಕುಳಿತ ಕಾಯವು ಪ್ರಸಾದಕಾಯವಾದ ಮೇಲೆ ಅದಕ್ಕೆ ಮೈಲಿಗೆ ಎಲ್ಲಿಯದು? ಸೂತಕವಿಲ್ಲವೆಂದರೆ ಮೈಲಿಗೆಯಿಲ್ಲವೆಂದು ಅರ್ಥವೇ ಹೊರತು ಮಮತೆಯಿಲ್ಲವೆಂದಲ್ಲ. ಉಣಿಸಿದ ಕೈ, ಎತ್ತಿ ಆಡಿಸಿದ ತೋಳು ಮರೆಯಾದಾಗ ಹೃದಯವು ಕರಗುವುದು ಸಹಜವಾಗಿಯೇ ಇದೆ. ಆ ಕರಗಿದ ಹೃದಯವು ಮುಂದೆ ಏನು ಮಾಡುತ್ತದೆ ಎಂಬುದೇ ವಿಚಾರಣೀಯವಾದ ವಿಷಯ.

ಅಗಲಿದವರನ್ನು ಮರೆಯಲಾರೆವೆಂಬ ಹಂಬಲ ಈ ನಾಡಿಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲಲ್ಲಿ ಮಾರ್ಟಿಮರ್ ವೀಲರರು 1947ರಲ್ಲಿ ಅಗೆಸಿದಾಗ ದೊಡ್ಡ ಕಲ್ಲುಚಪ್ಪಡಿಗಳಿಂದ ಕಟ್ಟಿದ ಪುರಾತನ ಗೋರಿಗಳು ಬೆಳಕಿಗೆ ಬಂದವು. ಒಳಗೆ ಎಲುಬುಗಳು, ಮಡಕೆಗಳು, ಕಬ್ಬಿಣದ ಉಪಕರಣಗಳು. ಎಷ್ಟು ಜನ ಸೇರಿ ಆ ಚಪ್ಪಡಿಗಳನ್ನು ಎಳೆದು ತಂದರೋ! ಅವರ ಪ್ರೀತಿ ದೊಡ್ಡದು. ಆದರೆ ಅಲ್ಲಿ ಮಲಗಿದವರಲ್ಲಿ ಒಬ್ಬರ ಹೆಸರಾದರೂ ಇಂದು ತಿಳಿಯದು. ಅದೇ ಪ್ರದೇಶದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಬಿ. ಎಲ್. ರೈಸರು ಅದನ್ನು ಕಂಡುಹಿಡಿದರು. ತಾಯಿತಂದೆಗಳ ಮಾತಿನಂತೆ ನಡೆಯಬೇಕು, ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ವರ್ತಿಸಬೇಕೆಂದು ಅದು ವಿಧಿಸುತ್ತದೆ. ಬದುಕಿರುವ ತಾಯಿತಂದೆಗಳ ವಿಷಯವದು. ಹಾಸಿಗೆ ಹಿಡಿದ ತಂದೆಗೆ ಹೊತ್ತಿಗೆ ಸರಿಯಾಗಿ ಅಂಬಲಿ ಕೊಡದ ಮಗನು ಶಿವಗಣಾರಾಧನೆಯ ದಿನ ಸಾಲಮಾಡಿ ಊರಿಗೆಲ್ಲ ಸಿಹಿಯೂಟ ಹಾಕಿಸುವುದನ್ನು ಕಂಡವರು ಈ ಶಾಸನದ ಮುಂದೆ ಒಂದು ಗಳಿಗೆ ನಿಲ್ಲಬೇಕು. ಸಾಲದಿಂದ ಮಾಡಿದ ದಾಸೋಹವನ್ನು ಕಾಯಕದ ದಾಸೋಹವೆಂದು ಹೇಗೆ ಕರೆಯುವುದು?

ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ ಬೇರೊಂದು ಬಗೆಯ ಸ್ಮರಣೆಯ ನಿದರ್ಶನವುಂಟು. ಅಲ್ಲಿನ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದು 1939ರಲ್ಲಿ ತೀರಿಕೊಂಡರು. ಮನೆತನ ವೀರಶೈವವಲ್ಲ, ಆದರೂ ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿ, ಬಸವಣ್ಣನವರ ಚರಿತೆಯನ್ನು ಕನ್ನಡಿಗರ ಕೈಗಿತ್ತವರು ಅವರು. ಶಿಷ್ಯರಾದ ಕುವೆಂಪು ತಮ್ಮ ಶ್ರೀರಾಮಾಯಣದರ್ಶನಂ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು. ಅವರಿಗಿಂತ 21 ವರ್ಷ ಕಿರಿಯರಾದ ತಮ್ಮ ತ. ಸು. ಶಾಮರಾಯರಿಗೆ ಅಣ್ಣನೆಂದರೆ ತಂದೆಯ ಸಮಾನ. ಆ ತಮ್ಮನು ಅಣ್ಣನನ್ನು ನೆನೆದ ಬಗೆ ಗಮನಾರ್ಹ. ‘ಮೂರು ತಲೆಮಾರು’ ಎಂಬ ಗ್ರಂಥದಲ್ಲಿ ಮನೆತನದ ಹಿರಿಯರ ಬಾಳನ್ನು ಬರೆದಿಟ್ಟರು. ಅಷ್ಟಕ್ಕೇ ನಿಲ್ಲದೆ, ಅಣ್ಣನು ಹಿಡಿದಿದ್ದ ಕೆಲಸಕ್ಕೆ ತಾವೂ ಕೈಯಿಟ್ಟು, ಶರಣರ ಕಥೆಗಳನ್ನೆಲ್ಲ ಕಲೆಹಾಕಿ ‘ಶಿವಶರಣ ಕಥಾರತ್ನಕೋಶ’ವನ್ನು ರಚಿಸಿದರು. ವೆಂಕಣ್ಣಯ್ಯನವರ ಹೆಸರಿನ ಸ್ಮಾರಕ ಗ್ರಂಥಮಾಲೆಯೂ ಮೈಸೂರಿನಿಂದ ಹೊರಟಿತು. ಬ್ರಹ್ಮಗಿರಿಯ ಚಪ್ಪಡಿಗಳು ಉಳಿಸಲಾರದ್ದನ್ನು ಈ ಹಾಳೆಗಳು ಉಳಿಸಿವೆ.

ಎಲ್ಲರೂ ಗ್ರಂಥಕರ್ತರಾಗಲಾರರು, ನಿಜ. ಆದರೆ ಹೇಳಲು ಎಲ್ಲರಿಗೂ ಬಾಯುಂಟು. ಹಿರಿಯರ ಪಟಕ್ಕೆ ಹೂವೇರಿಸುವ ಮನೆಗಳು ಬಹಳ. ಪಟದಲ್ಲಿರುವವರು ಯಾವ ಬರಗಾಲದಲ್ಲಿ ಏನುಂಡು ಬದುಕಿದರು, ಯಾರ ಋಣವನ್ನು ತೀರಿಸಿದರು, ಯಾವ ಮಾತಿಗೆ ತಪ್ಪಿ ನೊಂದರು ಎಂಬುದನ್ನು ಮೊಮ್ಮಕ್ಕಳಿಗೆ ಹೇಳುವ ಮನೆಗಳು ಕೆಲವೇ. ಗುಣದೊಡನೆ ದೋಷವನ್ನೂ ಹೇಳಬೇಕು. ಶರಣರು ತಮ್ಮ ಮನಸ್ಸಿನ ಕುಂದುಗಳನ್ನು ತಮ್ಮ ವಚನಗಳಲ್ಲಿಯೇ ಒಪ್ಪಿಕೊಂಡಿರುವಾಗ ಅಜ್ಜನ ಮುಂಗೋಪವನ್ನು ಮುಚ್ಚಿಡುವ ಅಗತ್ಯವೇನು? ದೋಷವಿಲ್ಲದ ಅಜ್ಜನನ್ನು ಮಕ್ಕಳು ಪೂಜಿಸಿಯಾರು, ಅರಿಯಲಾರರು.

ಈ ಕಥೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಬಲ್ಲವಳು ಅವರ ಧರ್ಮಪತ್ನಿ. ಅವಳನ್ನೇ ಪತಿ ಲಿಂಗೈಕ್ಯನಾದ ಮರುದಿನದಿಂದ ಅಮಂಗಳೆಯೆಂದು ಮೂಲೆಗೆ ಕೂರಿಸುವ ಪದ್ಧತಿಯು ಭಕ್ತರ ಮನೆಗಳನ್ನೂ ಹೊಕ್ಕಿರುವುದು ವಿಷಾದಕರ. ಸೂತಕವನ್ನೇ ಒಪ್ಪದ ಧರ್ಮದಲ್ಲಿ ಅಮಂಗಳೆ ಎಲ್ಲಿಂದ ಬಂದಳು? ಅವಳ ಕೊರಳಿನ ಲಿಂಗವು ಹೋಗಿಲ್ಲ, ಹಣೆಯ ವಿಭೂತಿಯು ಅಳಿದಿಲ್ಲ. ಮೊಮ್ಮಗಳ ಮದುವೆಯ ಹಂದರದಲ್ಲಿ ಮೊದಲ ಅಕ್ಷತೆಯನ್ನು ಅವಳ ಕೈಯಿಂದಲೇ ಹಾಕಿಸಲಿ.

ಮೊಳಕಾಲ್ಮೂರಿನಲ್ಲಿ ರೇಷ್ಮೆಸೀರೆಯ ಮಗ್ಗಗಳಿವೆ. ನೇಯುವವನು ನಡುವೆ ಅಗಲಿದರೆ ಹಾಸು ಮಗ್ಗದ ಮೇಲೆಯೇ ಉಳಿಯುತ್ತದೆ. ಅದನ್ನು ಕತ್ತರಿಸಿ ಎಸೆಯುವವರುಂಟೆ? ಮಗನೋ ಸೊಸೆಯೋ ಮಗ್ಗಕ್ಕೆ ಕುಳಿತು, ಅವನು ಬಿಟ್ಟ ಎಳೆಯಿಂದಲೇ ಲಾಳಿಯನ್ನು ಮುಂದುವರಿಸುತ್ತಾರೆ. ತಾಯಿಯು ಪಕ್ಕದಲ್ಲಿ ಕುಳಿತು, ಅವನು ಅಂಚನ್ನು ಹೇಗೆ ಹಿಡಿಯುತ್ತಿದ್ದನೆಂದು ಹೇಳಿಕೊಡುತ್ತಾಳೆ.